ಶಾಲೆಯ ಜಗಲಿಯಲ್ಲಿ ಚೌಕಿ

ಮಂಗಳೂರಿನಿಂದ ಪುತ್ತೂರಿನ ಮಾರ್ಗವಾಗಿ ಸುಬ್ರಹ್ಮಣ್ಯದ ಕಡೆಗೆ ಸಾಗುವ ರೈಲು ಘಟ್ಟದ ಬುಡವನ್ನು ಸೇರುವ ಮುನ್ನ ಕೋಡಿಂಬಾಳವೆಂಬ ಸಣ್ಣ ನಿಲ್ದಾಣವೊಂದನ್ನು ಹಾದುಹೋಗುತ್ತದೆ. ಸುತ್ತಲೂ ಅಡಕೆಯ ತೋಟಗಳು, ತೋಟದಾಚೆಗೆ ರಬ್ಬರಿನ ಗುಡ್ಡಗಳು, ಗುಡ್ಡದಾಚೆಗೆ ಕಾಡು. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಈ ಸೀಮೆ ಈಗ ಕಡಬ ತಾಲೂಕೆನಿಸಿದೆ. ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಇಲ್ಲಿ ಹಗಲಿಗೂ ಸಂಜೆಗೂ ಹೆಚ್ಚಿನ ಅಂತರ ಕಾಣುವುದಿಲ್ಲ. ಅಂತಹ ಒಂದು ಶನಿವಾರ ಮಧ್ಯಾಹ್ನ ಈ ಸುತ್ತಿನ ಸರಕಾರಿ ಪ್ರೌಢಶಾಲೆಯೊಂದರ ಜಗಲಿಯನ್ನೇರಿ ಕೊಡೆ ಮಡಿಸುತ್ತಿದ್ದ ನನಗೆ, ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಮೀರಿ ಒಳಗಿನಿಂದ ಇನ್ನೊಂದು ಸದ್ದು ಕೇಳಿಸಿತು. ಗುರುಗಳೊಬ್ಬರು ಬೆಂಚಿನ ಅಂಚಿಗೆ ಕೋಲಿನಿಂದ ತಟ್ಟುತ್ತ ಬಾಯಿತಾಳ ಹೇಳುತ್ತಿದ್ದರು. ಇಪ್ಪತ್ತು ಮೂವತ್ತು ಮಕ್ಕಳ ಬರಿಗಾಲುಗಳು ಸಿಮೆಂಟಿನ ನೆಲದ ಮೇಲೆ ಆ ಲೆಕ್ಕಕ್ಕೆ ಉತ್ತರ ಕೊಡುತ್ತಿದ್ದುವು. ಕರಿಹಲಗೆಯ ಮೇಲೆ ಬೆಳಗಿನ ಗಣಿತಪಾಠ ಇನ್ನೂ ಅಳಿಸದೆ ಉಳಿದಿತ್ತು.

ಯಕ್ಷಗಾನವು ಸರಕಾರಿ ಶಾಲೆಯ ಕೊಠಡಿಯನ್ನು ಪ್ರವೇಶಿಸಿದ ಬಗೆ ಇದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಶಾಲೆಗಳಲ್ಲಿ ಇಂದು ಈ ದೃಶ್ಯ ಅಪರೂಪವಲ್ಲ. ಅದನ್ನು ಕಂಡು ಸಂತೋಷಪಡದವರು ವಿರಳ. ಆದರೆ ಈ ಕೂಡಾವಳಿಯಿಂದ ಮಕ್ಕಳಿಗೆ ದೊರಕಬೇಕಾದುದು ಏನು, ದೊರಕುತ್ತಿರುವುದು ಏನು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಕೊಂಡಂತಿಲ್ಲ. ಕನ್ನಡ ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಆ ಪ್ರಶ್ನೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಎದುರಾಯಿತು. ಆ ಸಂಗತಿಗೆ ಬರುವ ಮುನ್ನ ಈ ಮಕ್ಕಳು ಯಾರು, ಅವರ ಬಳಿಗೆ ಬರುವ ಗುರುಗಳು ಯಾರು ಎಂಬುದನ್ನು ಓದುಗರ ಮುಂದಿಡುವುದು ಅವಶ್ಯಕ.

ಕೋಡಿಂಬಾಳದ ಸುತ್ತಿನ ಒಂದು ತರಗತಿಯನ್ನು ಹೊಕ್ಕು ಮಕ್ಕಳ ಮನೆಮಾತನ್ನು ವಿಚಾರಿಸಿದರೆ ಹೊಸಬರಿಗೆ ಆಶ್ಚರ್ಯವಾದೀತು. ಹೆಚ್ಚಿನವರದು ತುಳು. ಗೌಡರ ಮನೆಗಳಲ್ಲಿ ಅರೆಭಾಷೆ ಉಂಟು. ಹವ್ಯಕರ ಮನೆಗಳಲ್ಲಿ ಅವರದೇ ಆದ ಕನ್ನಡ. ಮುಸಲ್ಮಾನರ ಮನೆಗಳಲ್ಲಿ ಬ್ಯಾರಿಮಾತು. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರು ಬೆಳೆದ ಕ್ರೈಸ್ತ ಕುಟುಂಬಗಳಲ್ಲಿ ಮಲಯಾಳ. ೧೯೬೪ರಲ್ಲಿ ಭಾರತ ಮತ್ತು ಸಿಂಹಳಗಳ ಪ್ರಧಾನಿಗಳ ನಡುವೆ ಆದ ಒಪ್ಪಂದದ ಫಲವಾಗಿ ತೋಟದ ಕೆಲಸಗಾರರಾದ ಸಾವಿರಾರು ತಮಿಳರು ಅಲ್ಲಿಂದ ಮರಳಿ ಬಂದರಷ್ಟೆ. ಅವರಲ್ಲಿ ಅನೇಕರಿಗೆ ಸುಳ್ಯ, ಪುತ್ತೂರು ಸೀಮೆಯ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆ ದೊರಕಿತು. ಅವರ ಮೊಮ್ಮಕ್ಕಳು ಇಂದು ಇದೇ ಬೆಂಚುಗಳ ಮೇಲೆ ಕುಳಿತಿದ್ದಾರೆ. ಹೀಗೆ ಐದಾರು ಮನೆಮಾತುಗಳು ಕೂಡಿರುವ ತರಗತಿಯಲ್ಲಿ ಪುಸ್ತಕದ ಕನ್ನಡವನ್ನು ಅಡಿಗೆಯ ಮನೆಯಲ್ಲಿ ಕೇಳಿ ಬೆಳೆದ ಮಗು ಒಂದೂ ಇಲ್ಲವೆಂದರೆ ಹೆಚ್ಚಿನ ತಪ್ಪಾಗದು. ಕನ್ನಡ ಇಲ್ಲಿ ಶಾಲೆಯ ಮಾತು. ಶಾಲೆಯ ಮಾತಾದುದರಿಂದಲೇ ಅದು ಪರೀಕ್ಷೆಯ ಮಾತು, ಬರೆಯುವ ಮಾತು, ತಪ್ಪಿದರೆ ಕೆಂಪು ಗೆರೆ ಬೀಳುವ ಮಾತು.

ಆದರೂ ಈ ತುಳುನಾಡು ನಾಲ್ಕಾರು ತಲೆಮಾರುಗಳಿಂದ ಕನ್ನಡವನ್ನು ಚೆನ್ನಾಗಿಯೇ ಬಲ್ಲದು. ಅಕ್ಷರವನ್ನೇ ಅರಿಯದ ಒಕ್ಕಲಿನ ಹಿರಿಯರು ಕರ್ಣನ ಔದಾರ್ಯವನ್ನೂ ಶಲ್ಯನ ಸಂಕಟವನ್ನೂ ನಿರರ್ಗಳವಾದ ಗ್ರಂಥಸ್ಥ ಕನ್ನಡದಲ್ಲಿ ಚರ್ಚಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಅವರಿಗೆ ಈ ಭಾಷೆಯನ್ನು ಕಲಿಸಿದ ಶಾಲೆ ಯಾವುದು? ಗದ್ದೆ ಕೊಯ್ದ ಬಯಲಿನಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಆಟ. ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ನಡೆಯುತ್ತಿದ್ದ ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಈ ಸೀಮೆಯಲ್ಲಿ ಮಾಡಿದ ಕೆಲಸವನ್ನು ಯಾವ ವಿದ್ಯಾ ಇಲಾಖೆಯೂ ಮಾಡಿರಲಿಕ್ಕಿಲ್ಲ. ಆದುದರಿಂದ ಈಗ ಯಕ್ಷಗಾನವು ಶಾಲೆಗೆ ಬಂದಿದೆಯೆಂದರೆ, ಒಂದು ಹಳೆಯ ಶಾಲೆ ಒಂದು ಹೊಸ ಶಾಲೆಯನ್ನು ನೋಡಲು ಬಂದಿದೆಯೆಂದೇ ತಿಳಿಯಬೇಕು.

ಈ ಭೇಟಿಯನ್ನು ಏರ್ಪಡಿಸಿದವರಲ್ಲಿ ಉಡುಪಿಯವರಿಗೆ ಅಗ್ರಸ್ಥಾನ ಸಲ್ಲುತ್ತದೆ. ೧೯೭೫ರಲ್ಲಿ ಸ್ಥಾಪಿತವಾದ ಅಲ್ಲಿಯ ಯಕ್ಷಗಾನ ಕಲಾರಂಗದ ಬೆಂಬಲದೊಡನೆ ಯಕ್ಷಶಿಕ್ಷಣ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿ, ಒಂದೂವರೆ ದಶಕಕ್ಕೂ ಮಿಗಿಲಾಗಿ ಹತ್ತಾರು ಪ್ರೌಢಶಾಲೆಗಳ ಮಕ್ಕಳಿಗೆ ಯಕ್ಷಗಾನವನ್ನು ಕಲಿಸುತ್ತ ಬಂದಿದೆ. ವರ್ಷದ ಕೊನೆಗೆ ನಡೆಯುವ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಒಂದೊಂದು ಶಾಲೆಯೂ ಸರದಿಯಂತೆ ರಂಗವೇರುವುದು ಆ ಊರಿನ ಒಂದು ಉತ್ಸವವೇ ಆಗಿದೆ. ಈಚೆಗೆ ದಕ್ಷಿಣ ಕನ್ನಡದಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಟ್ರಸ್ಟ್ ಇಂತಹುದೇ ಕಾರ್ಯವನ್ನು ಕೈಗೆತ್ತಿಕೊಂಡಿದೆ. ಭಾಗವತ ಪಟ್ಲ ಸತೀಶ್ ಶೆಟ್ಟಿಯವರ ನೇತೃತ್ವದಲ್ಲಿ ೨೦೧೫ರಲ್ಲಿ ಆರಂಭವಾದ ಈ ಸಂಸ್ಥೆಯ ಮೊದಲ ಕಾಳಜಿ ಅಶಕ್ತರಾದ ಕಲಾವಿದರಿಗೆ ನೆರವಾಗುವುದಾಗಿತ್ತು. ಕಲಾವಿದನನ್ನು ಉಳಿಸಿದರೆ ಸಾಲದು, ಕಲೆಗೆ ನಾಳೆಯ ನೋಟಕನನ್ನೂ ಒದಗಿಸಬೇಕೆಂದು ಕಂಡುಕೊಂಡು ಅದು ಶಾಲೆಗಳಲ್ಲಿ ಉಚಿತವಾದ ಯಕ್ಷಶಿಕ್ಷಣವನ್ನು ತೊಡಗಿಸಿತು. ಇವುಗಳಲ್ಲದೆ ಊರೂರುಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ಪೋಷಕರೂ ಕೂಡಿ ನಡೆಸುವ ಸಣ್ಣ ತರಗತಿಗಳು ಎಷ್ಟೋ ಇವೆ.

ಈ ಏರ್ಪಾಟಿನ ಸೊಗಸು ಅದರ ಸರಳತೆಯಲ್ಲಿದೆ. ಗುರುವನ್ನು ಕಳುಹಿಸುವುದೂ ಸಂಭಾವನೆಯನ್ನು ನೋಡಿಕೊಳ್ಳುವುದೂ ಕಲೆಯ ಕಡೆಯವರ ಹೊಣೆ; ಸ್ಥಳವನ್ನೂ ಸಮಯವನ್ನೂ ಕೊಡುವುದು ಶಾಲೆಯ ಹೊಣೆ. ಇನ್ನೂ ಒಂದು ಹೊಂದಾಣಿಕೆಯುಂಟು. ಅದನ್ನು ಯಾರೂ ಕುಳಿತು ಯೋಜಿಸಿದುದಲ್ಲ. ತೆಂಕುತಿಟ್ಟಿನ ಮೇಳಗಳು ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಶಾಲೆಗಳ ಬಾಗಿಲು ತೆರೆಯುವುದೂ ಮೇ ಕೊನೆಗೆ, ಜೂನ್ ಮೊದಲಿಗೆ. ಕಲಾವಿದನು ಬಿಡುವಾಗಿರುವ ಐದು ತಿಂಗಳು ಮಗು ಕಲಿಯಲು ಕುಳಿತಿರುವ ಐದು ತಿಂಗಳೂ ಹೌದು. ಮಳೆಗಾಲದಲ್ಲಿ ಕೈ ಬರಿದಾಗುತ್ತಿದ್ದ ವೇಷಧಾರಿಗೆ ಒಂದಿಷ್ಟು ಆಧಾರ, ಶಾಲೆಗೆ ಒಬ್ಬ ಅನುಭವಶಾಲಿ ಗುರು. ಎರಡು ಬಡತನಗಳು ಒಂದನ್ನೊಂದು ಹಿಡಿದೆತ್ತಿದ ಬಗೆ ಇದು.

ರಂಗಭೂಮಿಗೂ ಶಾಲೆಗೂ ನಂಟು ಬೆಳೆಸುವ ಯೋಚನೆ ಈ ಸೀಮೆಗೆ ಹೊಸತಲ್ಲ. ಕೋಡಿಂಬಾಳದಿಂದ ಪುತ್ತೂರು ಬಹಳ ದೂರವೇನೂ ಇಲ್ಲ. ಅಲ್ಲಿಯ ಬಾಲವನದಲ್ಲಿ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ಅವರ ಆತ್ಮಕಥೆಯನ್ನು ಓದಿದವರು ಬಲ್ಲರು. ಮಗು ಕಲಿಯುವುದು ಬೆತ್ತದ ಭಯದಿಂದಲ್ಲ, ಕುಣಿತದಿಂದ, ಹಾಡಿನಿಂದ, ಆಟದಿಂದ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಮಕ್ಕಳಿಗಾಗಿ ಅವರು ನಾಟಕ ಬರೆದರು, ಕುಣಿಸಿದರು, ತಾವೂ ಕುಣಿದರು. 'ಬಾಲ ಪ್ರಪಂಚ'ವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ರಚಿಸಿದರು. ಸಹಕಾರಿ ಚಳವಳಿಯ ಧುರೀಣರಾದ ಮೊಳಹಳ್ಳಿ ಶಿವರಾಯರಂತಹವರ ಒತ್ತಾಸೆಯಿಂದ ಪುತ್ತೂರಿನಲ್ಲಿ ಅವರು ನಡೆಸಿದ ದಸರಾ ನಾಡಹಬ್ಬ ಒಂದು ಕಾಲಕ್ಕೆ ಈ ಜಿಲ್ಲೆಯ ಸಾಹಿತ್ಯ ಸಂಗೀತಗಳ ಜಾತ್ರೆಯೇ ಆಗಿದ್ದಿತು. ಬಾಲವನದ ಶಾಲೆ ಬಹುಕಾಲ ಉಳಿಯಲಿಲ್ಲ. ಒಬ್ಬನ ಉತ್ಸಾಹದ ಮೇಲೆ ನಿಂತ ಸಂಸ್ಥೆಗಳ ಹಣೆಬರಹವೇ ಅಷ್ಟು. ಆದರೆ ಅಂದು ಒಬ್ಬ ಲೇಖಕನ ಹುಚ್ಚೆನಿಸಿದ್ದ ಆ ವಿಚಾರ ಇಂದು ಇಲಾಖೆಯ ಕಡತಗಳಲ್ಲಿಯೂ ಕಾಣಿಸಿಕೊಳ್ಳುವಷ್ಟು ಸಾಮಾನ್ಯವಾಗಿದೆ.

ಹೊರಗಿನ ಲೋಕದಲ್ಲಿಯೂ ಇದೇ ಕಥೆ. ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದ ಮೇಲೆ ಋತುವಿಗೊಂದರಂತೆ ನಾಟಕ ಬರೆದು ಮಕ್ಕಳಿಂದ ಆಡಿಸಿದರು. ಇಂಗ್ಲೆಂಡಿನ ಕವೆಂಟ್ರಿ ನಗರದ ಬೆಲ್‌ಗ್ರೇಡ್ ನಾಟಕಶಾಲೆಯವರು ೧೯೬೫ರಲ್ಲಿ ನಟರೂ ಉಪಾಧ್ಯಾಯರೂ ಆಗಬಲ್ಲ ಒಂದು ತಂಡವನ್ನು ಕಟ್ಟಿ ಊರಿನ ಶಾಲೆಗಳಿಗೆ ಕಳುಹಿಸಿದರು. ಶಿಕ್ಷಣದಲ್ಲಿ ರಂಗಭೂಮಿ ಎಂಬ ಚಳವಳಿಗೆ ಅದೇ ಆರಂಭವೆನ್ನುತ್ತಾರೆ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ೧೯೮೯ರಲ್ಲಿ ಇಂತಹುದೇ ತಂಡವೊಂದನ್ನು ರೂಪಿಸಿತು. ನಮ್ಮಲ್ಲಿ ಹೆಗ್ಗೋಡಿನ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದುದರಿಂದ ತರಬೇತಾದ ಯುವಕ ಯುವತಿಯರು ಹಳ್ಳಿಹಳ್ಳಿಯ ಶಾಲೆಗಳಿಗೆ ಹೋಗಿ ನಾಟಕ ಕಲಿಸುವಂತಾಯಿತು. ಮೈಸೂರಿನ ರಂಗಾಯಣ ಬೇಸಗೆಯಲ್ಲಿ ಚಿಣ್ಣರ ಮೇಳವನ್ನು ನಡೆಸಿತು. ಇಲ್ಲಿಯೇ ಹತ್ತಿರದ ಸುಳ್ಯದಲ್ಲಿ ಜೀವನ್‌ರಾಂ ಸುಳ್ಯ ಅವರ ರಂಗಮನೆ ಮಕ್ಕಳ ರಂಗಭೂಮಿಯನ್ನು ಶ್ರದ್ಧೆಯಿಂದ ಬೆಳೆಸಿದೆ.

ಇವೆಲ್ಲವೂ ಗೌರವಕ್ಕೆ ಅರ್ಹವಾದುವೇ. ಆದರೆ ಯಕ್ಷಗಾನದಲ್ಲಿ ಇನ್ನಾವ ನಾಟಕದಲ್ಲಿಯೂ ಇಲ್ಲದ ಒಂದು ಗುಣವುಂಟು. ಶಾಲೆಯ ದೃಷ್ಟಿಯಿಂದ ನೋಡಿದಾಗ ಅದು ಅಮೂಲ್ಯವಾದುದು. ನಾಟಕದ ಪುಸ್ತಕದಲ್ಲಿ ಮಾತುಗಳು ಬರೆದಿರುತ್ತವೆ. ನಟನು ಅವನ್ನು ಬಾಯಿಪಾಠ ಮಾಡುತ್ತಾನೆ. ಯಕ್ಷಗಾನದ ಪ್ರಸಂಗಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಭಾಗವತರು ಪದ್ಯವನ್ನು ಹಾಡುತ್ತಾರೆ. ವೇಷಧಾರಿ ಅದಕ್ಕೆ ಕುಣಿದು, ಬಳಿಕ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಆ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಇಂದು ಹೇಳಿದಂತೆ ನಾಳೆ ಹೇಳಬೇಕೆಂದಿಲ್ಲ. ಎದುರಾಳಿ ಅನಿರೀಕ್ಷಿತವಾದ ಒಂದು ಪ್ರಶ್ನೆಯನ್ನು ಹಾಕಿದರೆ ಆ ಕ್ಷಣದಲ್ಲಿಯೇ ಉತ್ತರ ಹುಟ್ಟಬೇಕು. ಅರ್ಥಗಾರಿಕೆಯೆಂದು ಹೆಸರಾದ ಈ ವಿದ್ಯೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಏರಿದ ಎತ್ತರ ಎಲ್ಲರಿಗೂ ತಿಳಿದಿದೆ. ಸುಳ್ಯದ ಸಮೀಪದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಮೃದುವಾದ ಮಾತಿನಲ್ಲಿಯೇ ಪಾತ್ರದ ಒಳಮನೆಯನ್ನು ತೆರೆದು ತೋರುತ್ತಿದ್ದರೆಂದು ಕೇಳಿದವರು ಇಂದಿಗೂ ನೆನೆಯುತ್ತಾರೆ. ಪಂಡಿತರ ಮಾತಿರಲಿ, ಎಂಟನೆಯ ತರಗತಿಯ ಮಗುವೊಂದು ಬರೆದುಕೊಟ್ಟ ಕಾಗದವಿಲ್ಲದೆ, ಜನರೆದುರಿಗೆ ನಿಂತು, ತಾನೇ ಕಟ್ಟಿದ ನಾಲ್ಕು ಕನ್ನಡ ವಾಕ್ಯಗಳನ್ನು ಹೇಳಿತೆಂದರೆ ನಮ್ಮ ಭಾಷಾಬೋಧನೆ ಅದಕ್ಕಿಂತ ಹೆಚ್ಚಿನದೇನನ್ನು ಬಯಸೀತು?

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುವ ಸಮಯ ಬಂದಿದೆ.

ಕೆಲವು ವರ್ಷಗಳ ಹಿಂದೆ ಮೇಲೆ ಹೇಳಿದಂತಹುದೇ ಒಂದು ಪ್ರೌಢಶಾಲೆಯವರು ವಾರ್ಷಿಕೋತ್ಸವಕ್ಕೆ ಬಬ್ರುವಾಹನ ಕಾಳಗವನ್ನು ಆಡಿಸಲು ನಿಶ್ಚಯಿಸಿದರು. ಕುಣಿತವನ್ನು ಗುರುಗಳು ಕಲಿಸಿದ್ದರು. ಅರ್ಥದ ವಿಷಯದಲ್ಲಿ ಎಲ್ಲರಿಗೂ ಅಳುಕು. ಮಕ್ಕಳು ತಾವಾಗಿ ಮಾತನಾಡಲು ಹೋಗಿ ತಡವರಿಸಿದರೆ ಊರಿನವರ ಮುಂದೆ ಮರ್ಯಾದೆ ಹೋದೀತೆಂಬ ಭಯ. ಕಾಲೇಜಿನಲ್ಲಿ ಕನ್ನಡ ಹೇಳುವವನೆಂಬ ಕಾರಣಕ್ಕೆ ಮಾತುಗಳನ್ನು ಬರೆದುಕೊಡುವಂತೆ ನನ್ನನ್ನು ಕೇಳಿಕೊಂಡರು. ನಾನು ಉತ್ಸಾಹದಿಂದ ಒಪ್ಪಿದೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಮತ್ತೊಮ್ಮೆ ತೆರೆದೆ. ನಾಲ್ಕು ಇರುಳು ಕುಳಿತು ಸಮಾಸಗಳಿಂದ ತುಂಬಿ ತುಳುಕುವ ಸಂಭಾಷಣೆಗಳನ್ನು ಹೊಸೆದೆ. ಓದಿ ನೋಡಿದಾಗ ನನಗೇ ಹೆಮ್ಮೆಯೆನಿಸಿತು. ಮಕ್ಕಳು ಎರಡು ತಿಂಗಳು ಅದನ್ನು ಉರು ಹೊಡೆದರು.

ಬಬ್ರುವಾಹನನ ವೇಷ ಎಂಟನೆಯ ತರಗತಿಯ ಒಬ್ಬ ಹುಡುಗಿಯದು. ಮನೆಯಲ್ಲಿ ತಮಿಳು, ತಂದೆ ರಬ್ಬರಿನ ಮರಕ್ಕೆ ಗೀರು ಹಾಕಿ ಹಾಲು ತೆಗೆಯುವವರು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾಳೆ, ಬಾಯಿ ತೆರೆಯುವುದಿಲ್ಲವೆಂದು ಕನ್ನಡದ ಉಪಾಧ್ಯಾಯಿನಿ ಮೊದಲೇ ಹೇಳಿದ್ದರು. ಕಾಲಿನ ಲೆಕ್ಕ ಮಾತ್ರ ಅಚ್ಚುಕಟ್ಟು. ಆ ಕಾರಣದಿಂದಲೇ ಗುರುಗಳು ಅವಳನ್ನು ಆ ವೇಷಕ್ಕೆ ಆರಿಸಿದ್ದರು.

ಆಟದ ರಾತ್ರಿ ಶಾಲೆಯ ಜಗಲಿಯ ಒಂದು ಮೂಲೆಯೇ ಚೌಕಿಯಾಗಿತ್ತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತು, ಕನ್ನಡಿ ಹಿಡಿದು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡರು. ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಆಟ ಚೆನ್ನಾಗಿಯೇ ನಡೆಯಿತು. ತಾಯಿಯ ಮಾತಿನಂತೆ ಯಜ್ಞದ ಕುದುರೆಯನ್ನು ಮರಳಿಸಿ, ಕಾಣಿಕೆಯೊಡನೆ ಬಂದು ಕಾಲಿಗೆರಗಿದ ಬಬ್ರುವಾಹನನನ್ನು ಅರ್ಜುನನು ಒದ್ದು, ನೀನು ನನ್ನ ಮಗನಲ್ಲವೆಂದು ಹಳಿಯುವ ಸಂದರ್ಭ ಬಂದಿತು. ಅರ್ಜುನನ ವೇಷದ ಹುಡುಗ ನಾನು ಬರೆದುಕೊಟ್ಟ ನಿಂದೆಯನ್ನು ಒಂದಕ್ಷರವೂ ಬಿಡದೆ ಒಪ್ಪಿಸಿದ. ಬಬ್ರುವಾಹನನ ಸರದಿ. ಹುಡುಗಿಯ ತುಟಿ ಅಲುಗಿತು, ಮಾತು ಬರಲಿಲ್ಲ. ನನ್ನ ಉದ್ದುದ್ದದ ಸಮಾಸ ಅವಳಿಗೆ ಕೈಕೊಟ್ಟಿತ್ತು. ಪಕ್ಕದಿಂದ ಯಾರೋ ಮೆಲ್ಲನೆ ಮೊದಲ ಶಬ್ದವನ್ನು ಹೇಳಿಕೊಟ್ಟರು. ಅದೂ ಪ್ರಯೋಜನಕ್ಕೆ ಬರಲಿಲ್ಲ. ಅಂಗಳದ ಹಿಂದಿನಿಂದ ನಗು ಏಳುವ ಸೂಚನೆ ಕಂಡಿತು. ಸಭೆಯ ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕುಳಿತಿದ್ದ ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು.

ಆಗ ಭಾಗವತರು ಜಾಗಟೆಯನ್ನು ಕೆಳಗಿಟ್ಟರು. ಬಹುಕಾಲ ಮೇಳದಲ್ಲಿ ತಿರುಗಿದವರು ಅವರು. ಅವಸರವೇ ಇಲ್ಲದ ದನಿಯಲ್ಲಿ ಕೇಳಿದರು: "ಕುಮಾರಾ, ಏಕೆ ಸುಮ್ಮನಾದೆ? ಇವರು ನಿನ್ನನ್ನು ಮಗನೇ ಅಲ್ಲವೆನ್ನುತ್ತಿದ್ದಾರೆ. ನಿನ್ನ ಮನಸ್ಸಿನಲ್ಲಿ ಏನುಂಟು, ಹೇಳು."

ಹುಡುಗಿ ಭಾಗವತರ ಕಡೆಗೆ ತಿರುಗಿದಳು. ಒಂದು ಕ್ಷಣ ಕಳೆದು ಹೇಳಿದಳು: "ನಾನು ಅಪ್ಪ ಬೇಕು ಅಂತ ಬಂದದ್ದಲ್ಲ ಭಾಗವತರೇ. ಅಮ್ಮ ಹೋಗು ಅಂದಳು, ಅದಕ್ಕೆ ಬಂದೆ."

"ಈಗ?"

"ನನ್ನನ್ನು ಬೈಯಲಿ. ನಾನು ಕೇಳುತ್ತೇನೆ. ಅಮ್ಮನನ್ನು ಬೈದರೆ ಕೇಳುವುದಿಲ್ಲ."

ಅಂಗಳದಲ್ಲಿ ಕೆಮ್ಮಿನ ಸದ್ದೂ ಇರಲಿಲ್ಲ. ಭಾಗವತರು ಮತ್ತೇನನ್ನೂ ಕೇಳದೆ ಯುದ್ಧದ ಪದವನ್ನೆತ್ತಿದರು, ಚೆಂಡೆ ಬಿದ್ದಿತು, ಹುಡುಗಿ ಕುಣಿಯತೊಡಗಿದಳು.

ಆಟ ಮುಗಿದ ಮೇಲೆ ಜನ ಆಡಿಕೊಂಡುದು ಆ ಮೂರು ನಾಲ್ಕು ವಾಕ್ಯಗಳನ್ನೇ. ನಾನು ಬರೆದುಕೊಟ್ಟ ಪುಟಗಟ್ಟಲೆ ಮಾತುಗಳಲ್ಲಿ ಒಂದೂ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ, ಉಳಿಯಬೇಕಾದುದೂ ಇರಲಿಲ್ಲ. ಚೌಕಿಯಲ್ಲಿ ಭಾಗವತರ ಬಳಿಗೆ ಹೋಗಿ, ತಾವು ಮಾನ ಉಳಿಸಿದಿರಿ ಎಂದೆ. ಅವರು ನಕ್ಕರು. "ಅದಕ್ಕೇ ಅಲ್ಲವೇ ಮಾಸ್ಟ್ರೇ ಭಾಗವತ ಅಂತ ಒಬ್ಬ ಇರುವುದು? ವೇಷ ನಿಂತುಹೋದರೆ ಕೇಳಬೇಕು. ಕೇಳಿದರೆ ಯಾರೂ ಹೇಳುತ್ತಾರೆ."

ಈ ಮಾತನ್ನು ನಾನು ಎಷ್ಟೋ ದಿನ ಮೆಲುಕು ಹಾಕಿದ್ದೇನೆ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ವಿದ್ಯಾರ್ಥಿಗಳನ್ನು ಪ್ರಶ್ನೆ ಕೇಳಿದ್ದುಂಟು. ಆದರೆ ಉತ್ತರ ನನಗೆ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ. ಭಾಗವತರು ಕೇಳಿದುದು ಉತ್ತರ ಅವರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು. ಆಗ ಮಾತ್ರ ಮಗುವಿಗೆ ತನ್ನ ಮಾತಿನಿಂದ ಏನೋ ಆಗಬೇಕಾಗಿದೆ ಎನಿಸುತ್ತದೆ. ರಂಗಸ್ಥಳದ ಮೇಲೆ ಮುಂದಿನ ಕಥೆ ನಿಂತಿರುವುದೇ ತನ್ನ ಉತ್ತರದ ಮೇಲೆ ಎಂದು ತಿಳಿದಾಗ ಮನೆಯಲ್ಲಿ ತಮಿಳಾಡುವ ಮಗುವಿಗೂ ಕನ್ನಡ ಕೈಗೆ ಸಿಗುತ್ತದೆ. ಅಂದು ಅವಳು ಆಡಿದುದು ಗ್ರಂಥಸ್ಥ ಕನ್ನಡವಲ್ಲ, ನಿಜ. ಆದರೆ ಮೇಳದ ದೊಡ್ಡ ವೇಷಧಾರಿಗಳೂ ಅಲ್ಲಿಂದಲೇ ಹೊರಟವರು. ಮೊದಲು ಸ್ವಂತದ ಮಾತು, ಆಮೇಲೆ ಸಂಸ್ಕಾರ. ನಾನು ಈ ಕ್ರಮವನ್ನು ತಿರುವುಮುರುವು ಮಾಡಿದ್ದೆ.

ಇಲ್ಲಿ ಕಾರಂತರನ್ನು ಮತ್ತೊಮ್ಮೆ ನೆನೆಯಬೇಕಾಗುತ್ತದೆ. ಯಕ್ಷಗಾನದ ಬಗೆಗೆ ಅವರು ನಡೆಸಿದ ಸಂಶೋಧನೆಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಮುಂದೆ ಅವರು ರೂಪಿಸಿದ ಯಕ್ಷಗಾನದ ನೃತ್ಯರೂಪಕಗಳಲ್ಲಿ ಮಾತನ್ನು ತೆಗೆದುಹಾಕಿ ಗಾನ, ಕುಣಿತ, ವೇಷಗಳಿಂದಲೇ ಕಥೆಯನ್ನು ಹೇಳಿಸಿದರು. ಕನ್ನಡವನ್ನರಿಯದ ನಾಡುಗಳ ಮುಂದೆ ಈ ಕಲೆಯನ್ನು ನಿಲ್ಲಿಸಲು ಅವರಿಗೆ ಆ ದಾರಿ ಉಚಿತವೆನಿಸಿತು. ಅದರಿಂದ ಯಕ್ಷಗಾನದ ಕೀರ್ತಿ ಹರಡಿದುದೂ ನಿಜ. ಆದರೆ ಕಾರಂತರು ಬೇಕೆಂದೇ ಒಂದು ಉದ್ದೇಶಕ್ಕಾಗಿ ಮಾಡಿದುದನ್ನು ನಮ್ಮ ಶಾಲೆಗಳು ಉದ್ದೇಶವಿಲ್ಲದೆ ಮಾಡುತ್ತಿರುವಂತೆ ತೋರುತ್ತದೆ. ವಾರ್ಷಿಕೋತ್ಸವದ ಕಾರ್ಯಕ್ರಮಪಟ್ಟಿಯಲ್ಲಿ ಯಕ್ಷಗಾನಕ್ಕೆ ದೊರೆಯುವುದು ಒಂದು ತಾಸು. ಕೆಲವೆಡೆ ಅದೂ ಇಲ್ಲ. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅರ್ಥಕ್ಕೆ. ಕಿರೀಟ, ದಿಗಿಣ, ಚೆಂಡೆಯ ಅಬ್ಬರ ಉಳಿಯುತ್ತವೆ. ಛಾಯಾಚಿತ್ರಕ್ಕೆ ಅವು ಸಾಕು. ಉಳಿದ ಅಷ್ಟಿಷ್ಟು ಮಾತೂ ನನ್ನಂತಹವರು ಬರೆದುಕೊಟ್ಟುದು. ಪರದೇಶದ ಪ್ರೇಕ್ಷಕರಿಗೆ ಮಾತು ಬೇಡವಾಗಿದ್ದಿರಬಹುದು. ಈ ಗುಡ್ಡದ ಮಕ್ಕಳಿಗೆ ಬೇಕಾಗಿರುವುದೇ ಮಾತು.

ತೊಡಕುಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಮೊದಲನೆಯದು ಪರೀಕ್ಷೆ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ರಾಜ್ಯದ ಮುಂಚೂಣಿಯಲ್ಲಿರುವುದು ಕರಾವಳಿಯ ಎರಡು ಜಿಲ್ಲೆಗಳಿಗೂ ಅಭ್ಯಾಸವಾಗಿಹೋಗಿದೆ. ೨೦೨೪ರಲ್ಲಿ ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ೨೦೨೫ರಲ್ಲಿ ಸ್ಥಾನಗಳು ಅದಲುಬದಲಾದುವು. ಈ ಕೀರ್ತಿಗೆ ಶಾಲೆಗಳು ತೆರುವ ಬೆಲೆಯೆಂದರೆ ಹತ್ತನೆಯ ತರಗತಿಯ ಪ್ರತಿಯೊಂದು ಬಿಡುವಿನ ಗಳಿಗೆಯೂ ವಿಶೇಷ ತರಗತಿಯಾಗುವುದು. ಎರಡನೆಯದು ಮಳೆ. ಕುಮಾರಧಾರೆ ತುಂಬಿ ಹರಿಯುವ ದಿನಗಳಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಸಾರದಿದ್ದರೆ ಮಕ್ಕಳು ತೋಡು ದಾಟುವುದು ಹೇಗೆ? ಹೋದ ಪಾಠಗಳನ್ನು ತುಂಬಿಸಿಕೊಳ್ಳಲು ಉಪಾಧ್ಯಾಯರಿಗೆ ಸಿಗುವುದು ಶನಿವಾರದ ಮಧ್ಯಾಹ್ನ. ಯಕ್ಷಗಾನದ ಗುರುಗಳು ಬರುವುದೂ ಅದೇ ಶನಿವಾರ ಮಧ್ಯಾಹ್ನ. ಎರಡು ಬಸ್ಸು ಬದಲಾಯಿಸಿ ಬಂದ ಗುರುಗಳು ಇಂದು ತರಗತಿಯಿಲ್ಲವೆಂಬ ಮಾತನ್ನು ಕೇಳಿ ಜಗಲಿಯಿಂದಲೇ ಹಿಂದಿರುಗಿದುದನ್ನು ನಾನು ಕಂಡಿದ್ದೇನೆ.

ಮೂರನೆಯದು ಸೂಕ್ಷ್ಮವಾದ ವಿಷಯ. ಯಕ್ಷಗಾನದ ಕಥೆಗಳು ಪುರಾಣದವು. ರಂಗದ ಮೊದಲಲ್ಲಿ ಗಣಪತಿಯ ಸ್ತುತಿಯಿದೆ. ಎಲ್ಲ ಮನೆಗಳವರೂ ಮಕ್ಕಳನ್ನು ನಿಸ್ಸಂಕೋಚವಾಗಿ ಕಳುಹಿಸುತ್ತಾರ‍ೆಂದು ಹೇಳಲಾಗದು. ಬಲವಂತ ಎಲ್ಲಿಯೂ ಸಲ್ಲದು. ಆದರೆ ಈ ವಿಷಯದಲ್ಲಿ ವಾದಕ್ಕಿಂತ ಉದಾಹರಣೆ ಮೇಲು. ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯ ಕೂಟಗಳಲ್ಲಿ ಹೆಸರಾದ ಅರ್ಥಧಾರಿಗಳು. ಅವರ ಮಾತನ್ನು ಕೇಳಲು ಕುಳಿತವರು ಕೇಳುವುದು ಪಾತ್ರದ ಮಾತನ್ನೇ ಹೊರತು ಮನೆತನದ ವಿಚಾರವನ್ನಲ್ಲ. ಹಿಂದೆ ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ರಂಗದಲ್ಲಿ ಈಗ ಹುಡುಗಿಯರು ಗಂಡುವೇಷವನ್ನೇ ಕಟ್ಟಿ ಮೆರೆಯುತ್ತಿದ್ದಾರೆ. ನಾನು ಕಂಡ ಶಾಲೆಯ ತಂಡಗಳಲ್ಲಿ ಅವರ ಸಂಖ್ಯೆಯೇ ಹೆಚ್ಚು. ಜಾತಿ, ಕುಲ, ಲಿಂಗಗಳ ಎಷ್ಟೋ ಗಡಿಗಳನ್ನು ದಾಟಲು ಈ ಕಲೆಗೆ ಸರಕಾರಿ ಶಾಲೆಯ ಜಗಲಿ ನೆರವಾಗಿದೆ. ಶಾಲೆಯು ಕಲೆಗೆ ಕೊಟ್ಟಿರುವ ಕಾಣಿಕೆ ಇದು; ಇದನ್ನು ಮರೆಯಬಾರದು.

ನನ್ನ ಬಬ್ರುವಾಹನನ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಅವಳು ತಂಡದಲ್ಲಿ ಇದ್ದಳು. ಉಪಾಧ್ಯಾಯಿನಿಯವರು ಹೇಳುವಂತೆ ತರಗತಿಯಲ್ಲಿಯೂ ಎದ್ದು ಉತ್ತರ ಹೇಳುತ್ತಿದ್ದಳು. ಹತ್ತನೆಯ ತರಗತಿಗೆ ಬಂದಾಗ ಅವಳ ಹೆಸರು ತಂಡದಲ್ಲಿ ಇರಲಿಲ್ಲ. ಯಾರೂ ಅವಳನ್ನು ಬಿಡಿಸಲಿಲ್ಲ. ಹತ್ತನೆಯವರು ಇರುವುದಿಲ್ಲವೆಂಬುದು ಅಲ್ಲಿಯ ರೂಢಿಯಾಗಿತ್ತು, ಅಷ್ಟೆ. ಎರಡು ವರ್ಷ ನೀರೆರೆದು ಸಸಿ ಕುಡಿಯೊಡೆಯುವ ಹೊತ್ತಿಗೆ ನಾವು ಬಿಂದಿಗೆಯನ್ನು ಕೆಳಗಿಡುತ್ತೇವೆ.

ಇದಕ್ಕೆ ಪರಿಹಾರ ಹೊರಗಿನಿಂದ ಬರಬೇಕಾಗಿಲ್ಲ. ಯಕ್ಷಗಾನದ ಸಂಪ್ರದಾಯದಲ್ಲಿಯೇ ಇದೆ. ವೇಷ ಕಟ್ಟಿ ಕುಣಿಯುವ ಆಟಕ್ಕೆ ಉಡುಗೆ ಬೇಕು, ಬಣ್ಣ ಬೇಕು, ತಿಂಗಳುಗಟ್ಟಲೆ ಅಭ್ಯಾಸ ಬೇಕು, ಖರ್ಚಿಗೆ ದಾನಿಗಳು ಬೇಕು. ತಾಳಮದ್ದಳೆಗೆ ಇವಾವುವೂ ಬೇಡ. ಒಬ್ಬ ಭಾಗವತ, ಒಂದು ಮದ್ದಳೆ, ನಾಲ್ಕು ಜನ ಎದುರುಬದುರಾಗಿ ಕುಳಿತುಕೊಳ್ಳಲು ಒಂದು ಚಾಪೆ, ಇಷ್ಟಿದ್ದರೆ ಸಾಕು. ನಮ್ಮ ಹಿರಿಯರು ಅದನ್ನು ಮಳೆಗಾಲಕ್ಕೆಂದೇ ಇರಿಸಿಕೊಂಡಿದ್ದರು. ಅಲ್ಲಿ ಮಾತೇ ವೇಷ, ಮಾತೇ ಕುಣಿತ. ಎಂಟು ಒಂಬತ್ತನೆಯ ತರಗತಿಗಳಲ್ಲಿ ಕುಣಿತ ಕಲಿತ ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ತಾಸಿನ ತಾಳಮದ್ದಳೆಯಾದರೂ ದೊರೆಯಲಿ. ಅವರ ಕನ್ನಡ ಪಠ್ಯದಲ್ಲಿಯೇ ಹಳಗನ್ನಡದ, ನಡುಗನ್ನಡದ ಪದ್ಯಗಳಿವೆ. ಅವನ್ನೇ ಪ್ರಸಂಗವೆಂದು ಭಾವಿಸಿ ಒಬ್ಬನು ಹಾಡಲಿ, ಇಬ್ಬರು ವಾದಿಸಲಿ. ಪರೀಕ್ಷೆಗೂ ಅದರಿಂದ ನಷ್ಟವಾಗದು. ಭಾವಾರ್ಥ ಬರೆಯಿರಿ ಎಂಬ ಪ್ರಶ್ನೆಗೆ ಅರ್ಥ ಹೇಳಿ ಅಭ್ಯಾಸವಾದ ಮಗು ಹೆದರುವುದುಂಟೇ?

ಇದರೊಡನೆ ಇನ್ನೆರಡು ಮಾತು. ಕನ್ನಡದ ಉಪಾಧ್ಯಾಯರು ಯಕ್ಷಗಾನದ ತರಗತಿಯನ್ನು ಬೇರೆಯವರ ತರಗತಿಯೆಂದು ಭಾವಿಸಿ ಬಾಗಿಲು ಮುಚ್ಚಿಕೊಂಡು ಹೋಗದಿರಲಿ, ಮಕ್ಕಳೊಡನೆ ಕುಳಿತುಕೊಳ್ಳಲಿ. ಗುರುಗಳಿಗೆ ತಾಳ ಗೊತ್ತು, ಉಪಾಧ್ಯಾಯರಿಗೆ ಮಗು ಗೊತ್ತು. ಇಬ್ಬರೂ ಕೂಡಿದರೆ ಕೆಲಸ ಆದೀತು. ಎರಡನೆಯದಾಗಿ, ಮಕ್ಕಳಿಗೆ ಮಾತುಗಳನ್ನು ಬರೆದುಕೊಡುವುದನ್ನು ನಾವು ಪಂಡಿತರೆನಿಸಿಕೊಂಡವರು ನಿಲ್ಲಿಸೋಣ. ಕಥೆಯನ್ನು ಹೇಳೋಣ, ಪದ್ಯವನ್ನು ಓದೋಣ, ಕಷ್ಟವಾದ ಶಬ್ದವನ್ನು ಬಿಡಿಸೋಣ. ಮತ್ತೆ ಭಾಗವತರಂತೆ, ನಿನ್ನ ಮನಸ್ಸಿನಲ್ಲಿ ಏನುಂಟು ಎಂದು ಕೇಳಿ ಕಾಯೋಣ. ತಡವರಿಸಿದರೆ ತಡವರಿಸಲಿ. ಊರಿನವರ ಮುಂದೆ ಒಂದು ಮಗು ತಡವರಿಸಿದರೆ ಹೋಗುವ ಮರ್ಯಾದೆ ಯಾವುದೂ ಇಲ್ಲ. ಹತ್ತು ವರ್ಷ ಶಾಲೆಯಲ್ಲಿ ಕುಳಿತ ಮಗು ತನ್ನದೆನ್ನುವ ಒಂದು ವಾಕ್ಯವನ್ನೂ ಆಡದೆ ಹೊರಗೆ ಹೋದರೆ ಮಾತ್ರ ನಮ್ಮ ಮರ್ಯಾದೆ ಹೋಗುತ್ತದೆ. ಕಾಗದವಿಲ್ಲದೆ ಮೂರು ನಿಮಿಷ ಮಾತನಾಡಲಾರದ ತರುಣರನ್ನು ನಾನು ಕಾಲೇಜಿನಲ್ಲಿ ಪ್ರತಿ ವರ್ಷವೂ ಕಾಣುತ್ತೇನೆ. ಅವರಲ್ಲಿ ಬುದ್ಧಿಗೆ ಕೊರತೆಯಿಲ್ಲ, ಓದಿಗೆ ಕೊರತೆಯಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆ ಈ ವಿಚಾರವನ್ನಿಟ್ಟೆ. ಅವರು ವೇಳಾಪಟ್ಟಿಯನ್ನು ತೆರೆದು ಬಹಳ ಹೊತ್ತು ನೋಡಿದರು. ಕೊನೆಗೆ ಪೆನ್ಸಿಲಿನಿಂದ ಒಂದು ಚೌಕದಲ್ಲಿ ಗುರುತು ಮಾಡಿ, "ತಿಂಗಳಿಗೆ ಒಂದು. ಮಳೆಗೆ ರಜೆ ಬಂದರೆ ಅದೂ ಇಲ್ಲ, ಆದೀತೇ?" ಎಂದರು. ಆದೀತೆಂದೆ. ಪೆನ್ಸಿಲಿನ ಗುರುತು ಅಳಿಸಿಹೋಗುವಂತಹುದು, ಬಲ್ಲೆ. ಆದರೂ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಕೆಲವೇ ದಿನಗಳಲ್ಲಿ ಶಾಲೆಗಳ ಗಂಟೆ ಬಾರಿಸುತ್ತದೆ. ಗುರುಗಳು ಕೊಡೆ ಹಿಡಿದು ಹೊರಡುತ್ತಾರೆ. ಅವರು ಜಗಲಿಯಿಂದಲೇ ಹಿಂದಿರುಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.